ರಕ್ಕಸತಂಗಡಿಯ ಗೆಲುವಿನಲ್ಲಿ ಯಾರ ಪಾಲು ಎಷ್ಟು?

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಗೆಲುವಿಗೆ ಯಾವ ದೇಶದ ಕೊಡುಗೆ ಹೆಚ್ಚು? ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಈ ವಿಷಯ ಎಷ್ಟು ಸಲ ಬಂದರೂ ಸವಕಲಾಗಿಲ್ಲ. ಒಬ್ಬರು ಎದ್ದು ಸೋವಿಯತ್ ಒಕ್ಕೂಟ ಕಳೆದುಕೊಂಡ ಸುಮಾರು 2.7 ಕೋಟಿ ಜೀವಗಳನ್ನು ನೆನಪಿಸುತ್ತಾರೆ. ಇನ್ನೊಬ್ಬರು ಅಮೆರಿಕ ತನ್ನ ಮಿತ್ರರಿಗೆ ಸಾಲ-ಗುತ್ತಿಗೆ ಯೋಜನೆಯಡಿ ಕಳುಹಿಸಿದ ಸುಮಾರು 5,000 ಕೋಟಿ ಡಾಲರ್ ಬೆಲೆಯ ಸಾಮಗ್ರಿಯ ಲೆಕ್ಕ ಒಪ್ಪಿಸುತ್ತಾರೆ. ಮೂರನೆಯವರು 1940ರಲ್ಲಿ ಫ್ರಾನ್ಸ್ ಬಿದ್ದ ಮೇಲೂ ಬ್ರಿಟನ್ ಕೈಚೆಲ್ಲಲಿಲ್ಲ ಎನ್ನುತ್ತಾರೆ. ಆಗ ಹಿಂದಿನ ಸಾಲಿನಿಂದ ಯಾರೋ, ಸ್ವಂತ ಇಚ್ಛೆಯಿಂದ ಸೇನೆ ಸೇರಿದ 25 ಲಕ್ಷ ಭಾರತೀಯರನ್ನು ಎಲ್ಲರೂ ಮರೆತಿರೇಕೆ ಎಂದು ಕೇಳುತ್ತಾರೆ. ಗಂಟೆ ಬಾರಿಸುತ್ತದೆ. ತೀರ್ಪುಗಾರರು ಮಾತಿನ ವೈಖರಿಗೆ ಅಂಕ ಕೊಟ್ಟು ಎದ್ದು ಹೋಗುತ್ತಾರೆ. ಪ್ರಶ್ನೆ ಅಲ್ಲೇ ಉಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ಇದೇ ಪ್ರಶ್ನೆಯನ್ನು ನಮ್ಮ ಅಂಗಳಕ್ಕೆ ತಂದು ಕೇಳಿದರೆ ಹೇಗೆ? ನೀವು ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಕುಳಿತು ಇದನ್ನು ಓದುತ್ತಿದ್ದರೆ ನಿಮ್ಮ ಊರಿನ ಕೋಟೆಯೇ ಈ ಕಥೆಯ ಒಂದು ತುದಿ. 1347ರಲ್ಲಿ ಅಲ್ಲಿ ಹುಟ್ಟಿದ ಬಹಮನಿ ರಾಜ್ಯ ಮುಂದೆ ಬೀದರಿಗೆ ರಾಜಧಾನಿ ಬದಲಿಸಿ, ಕೊನೆಗೆ ಒಡೆದು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್, ಬೀರಾರ್ ಎಂಬ ಐದು ರಾಜ್ಯಗಳಾಯಿತು. ಒಂದೇ ಮನೆಯಿಂದ ಬೇರೆಯಾದ ಅಣ್ಣತಮ್ಮಂದಿರಂತೆ ಈ ಐದೂ ತಮ್ಮತಮ್ಮಲ್ಲೇ ಬಡಿದಾಡಿಕೊಂಡಿದ್ದವು. ಇವುಗಳಲ್ಲಿ ನಾಲ್ಕು ಒಂದಾಗಿ 1565ರ ಜನವರಿಯಲ್ಲಿ ಕೃಷ್ಣಾ ತೀರದಲ್ಲಿ ವಿಜಯನಗರವನ್ನು ಸೋಲಿಸಿದವು. ಪಠ್ಯಪುಸ್ತಕ ಇದನ್ನು ತಾಳಿಕೋಟೆ ಕದನ ಎನ್ನುತ್ತದೆ, ನಮ್ಮ ಜನ ರಕ್ಕಸತಂಗಡಿ ಎನ್ನುತ್ತಾರೆ. ಎರಡನೆಯದೇ ಹೆಚ್ಚು ಸರಿ. ತಾಳಿಕೋಟೆಯಲ್ಲಿ ಸುಲ್ತಾನರ ಸೈನ್ಯಗಳು ಬಂದು ಕೂಡಿಕೊಂಡವು, ಅಷ್ಟೆ. ಕಾಳಗ ನಡೆದದ್ದು ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ನದಿಯ ಬಳಿ.

ಈಗ ಪ್ರಶ್ನೆ: ಆ ನಾಲ್ವರಲ್ಲಿ ಗೆದ್ದವರು ಯಾರು?

ಪ್ರಶ್ನೆ ಕೇಳುವಾಗಲೇ ಒಂದು ವಿಚಿತ್ರವನ್ನು ಗಮನಿಸಿ. ಮಹಾಯುದ್ಧದ ಗೆಲುವಿಗೆ ಎಲ್ಲರೂ ಪಾಲು ಕೇಳಲು ಮುಂದೆ ಬರುತ್ತಾರೆ. ರಕ್ಕಸತಂಗಡಿಯ ವಿಷಯದಲ್ಲಿ ಇಂದು ಯಾರೂ ಮುಂದೆ ಬರುವುದಿಲ್ಲ. ಗೆಲುವಿನ ಹಿಂದೆಯೇ ಹಂಪಿಯ ಸುಲಿಗೆ ಇದೆಯಲ್ಲ. ಯಾರ ಕೊಡುಗೆ ಹೆಚ್ಚು ಎಂದರೆ ಯಾರ ಹೊಣೆ ಹೆಚ್ಚು ಎಂದೂ ಆಗುತ್ತದೆ. ಆದರೆ ಆ ಕಾಲದ ಆಸ್ಥಾನಗಳಿಗೆ ಇಂಥ ಸಂಕೋಚ ಇರಲಿಲ್ಲ. ಗೆಲುವು ತಮ್ಮದೆಂದು ಅವು ಗಟ್ಟಿಯಾಗಿಯೇ ಹೇಳಿಕೊಂಡವು, ಬರೆಸಿದವು, ಬಣ್ಣದಲ್ಲಿ ಚಿತ್ರಿಸಿದವು ಕೂಡ.

ಮೊದಲು ನಡೆದದ್ದನ್ನು ನೋಡೋಣ. ಅಹಮದ್‌ನಗರದ ಹುಸೇನ್ ನಿಜಾಮ್ ಷಾ, ಬಿಜಾಪುರದ ಅಲಿ ಆದಿಲ್ ಷಾ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ, ಬೀದರಿನ ಅಲಿ ಬರೀದ್ ಇವರು ನಾಲ್ವರು. ಬೀರಾರ್ ಈ ಕೂಟಕ್ಕೆ ಸೇರಲಿಲ್ಲ. ಎದುರಿಗೆ ವಿಜಯನಗರದ ನಿಜವಾದ ಆಡಳಿತಗಾರ, ಅಳಿಯ ರಾಮರಾಯ ಮತ್ತು ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿ. ಪೋರ್ಚುಗೀಸ್ ಲೇಖಕ ಕೌಟೊ ಹೇಳುವಂತೆ ರಾಮರಾಯನಿಗೆ ಆಗ ತೊಂಬತ್ತಾರು ವರ್ಷ! ಅದು ಉತ್ಪ್ರೇಕ್ಷೆ ಇರಬಹುದು, ಮುದುಕನಾಗಿದ್ದನೆಂಬುದರಲ್ಲಿ ಅನುಮಾನವಿಲ್ಲ.

ಕೃಷ್ಣೆಯನ್ನು ದಾಟುವ ಕಡವನ್ನು ವಿಜಯನಗರದವರು ಕಾಯುತ್ತಿದ್ದರು. ಸುಲ್ತಾನರ ಸೈನ್ಯ ಬೇರೆ ಕಡವನ್ನು ಹುಡುಕುವಂತೆ ನಟಿಸುತ್ತ ದಂಡೆಗುಂಟ ಮೂರು ದಿನದ ದಾರಿ ನಡೆಯಿತು. ಕಾವಲಿನವರು ಆಚೆ ದಡದಲ್ಲಿ ಅವರನ್ನೇ ಹಿಂಬಾಲಿಸಿದರು. ಆಗ ಸುಲ್ತಾನರು ಸರಕ್ಕನೆ ಹಿಂದಿರುಗಿ ಬಂದು, ಕಾವಲಿಲ್ಲದ ಅದೇ ಹಳೆಯ ಕಡದಲ್ಲಿ ನದಿ ದಾಟಿಬಿಟ್ಟರು. ಕದನದ ದಿನ ಬಲಗಡೆ ಬಿಜಾಪುರ, ಎಡಗಡೆ ಗೋಲ್ಕೊಂಡ ಮತ್ತು ಬೀದರ್, ನಡುವೆ ಅಹಮದ್‌ನಗರ ನಿಂತವು. ನಡುವಿನ ಪಡೆಯ ಮುಂದೆ ತೋಪುಗಳು. ಇತಿಹಾಸಕಾರ ಫೆರಿಷ್ತಾ ಕೊಡುವ ಲೆಕ್ಕ 600. ದೊಡ್ಡವು, ನಡುತರದವು, ಚಿಕ್ಕವು ಎಂದು ಒಂದೊಂದು ಸಾಲಿಗೆ 200. ಅವುಗಳನ್ನು ನೋಡಿಕೊಳ್ಳುತ್ತಿದ್ದವನು ಹುಸೇನನ ಅಧಿಕಾರಿ ಚಲಬಿ ರೂಮಿ ಖಾನ್. ತೋಪುಗಳು ಕಾಣದಂತೆ ಮುಂದೆ ಎರಡು ಸಾವಿರ ಬಿಲ್ಲುಗಾರರನ್ನು ನಿಲ್ಲಿಸಿದ್ದರು. ವಿಜಯನಗರದ ಪಡೆ ಹತ್ತಿರ ಬಂದಾಗ ಬಿಲ್ಲುಗಾರರು ಹಿಂದೆ ಸರಿದರು, ತೋಪುಗಳು ಗುಡುಗಿದವು.

ಆದರೂ ಯುದ್ಧ ಮುಗಿಯಲಿಲ್ಲ. ವಿಜಯನಗರದ ಪಡೆ ಸುಲ್ತಾನರ ಎಡ ಬಲ ಎರಡೂ ರೆಕ್ಕೆಗಳನ್ನು ಹಿಂದಕ್ಕೆ ತಳ್ಳಿತು. ಬಿಜಾಪುರ, ಗೋಲ್ಕೊಂಡ ಎರಡೂ ಕಡೆ ಗೆಲುವಿನ ಆಸೆ ಬಿಟ್ಟುಹೋಗುವ ಹೊತ್ತು. ಹುಸೇನ್ ನಿಜಾಮ್ ಷಾ ಮಾತ್ರ ನಡುವೆ ಜಗ್ಗದೆ ನಿಂತ. ಎರಡನೆಯ ಸಲ ವಿಜಯನಗರದವರು ನುಗ್ಗಿ ಬಂದಾಗ ರೂಮಿ ಖಾನ್ ತೋಪುಗಳಲ್ಲಿ ಗುಂಡಿನ ಬದಲು ತಾಮ್ರದ ಕಾಸಿನ ಚೀಲಗಳನ್ನು ತುಂಬಿಸಿದ್ದ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ತೋಪಿನ ಒಂದೇ ಗುಂಡು ನೇರ ಹೋಗುತ್ತದೆ. ದಾರಿಗೆ ಅಡ್ಡ ಬಂದವರನ್ನಷ್ಟೇ ಕೆಡವುತ್ತದೆ. ಅದೇ ಮದ್ದಿನ ಬಲ ಸಾವಿರಾರು ಕಾಸುಗಳಿಗೆ ಹಂಚಿಹೋದರೆ ಅವು ಕೊಳವೆಯ ಬಾಯಿ ಬಿಟ್ಟೊಡನೆ ಬೀಸಣಿಗೆಯಂತೆ ಹರಡುತ್ತವೆ. ಕಾಸು ಹಗುರ, ಚಪ್ಪಟೆ. ಗಾಳಿಯ ತಡೆಗೆ ಸಿಕ್ಕು ಬೇಗನೆ ವೇಗ ಕಳೆದುಕೊಳ್ಳುತ್ತದೆ. ದೂರಕ್ಕೆ ಇದು ಕೆಲಸಕ್ಕೆ ಬಾರದು. ಆದರೆ ಎದುರಾಳಿ ದಟ್ಟವಾಗಿ, ತೋಪಿನ ಬಾಯಿಗೇ ಬಂದು ನಿಂತಾಗ ಇದಕ್ಕಿಂತ ಭೀಕರವಾದುದಿಲ್ಲ. ತೋಪುಗಳ ಬಳಿಯೇ ಐದು ಸಾವಿರಕ್ಕೂ ಹೆಚ್ಚು ಜನ ಬಿದ್ದರೆಂದು ಫೆರಿಷ್ತಾ ಬರೆಯುತ್ತಾನೆ. ಆಗ ಬಿಜಾಪುರದ ಕಿಶ್ವರ್ ಖಾನ್ ಕುದುರೆ ಪಡೆಯೊಡನೆ ತೋಪಿನ ಸಾಲುಗಳ ನಡುವಿನಿಂದ ನುಗ್ಗಿದ. ಗೊಂದಲದಲ್ಲಿ ರಾಮರಾಯ ಸೆರೆ ಸಿಕ್ಕ. ಹುಸೇನನ ಮುಂದೆ ಅವನ ತಲೆ ಹೋಯಿತು. ತಲೆ ಹೋದ ಸೈನ್ಯ ಓಡಿತು.

ಇಷ್ಟು ಕೇಳಿದ ಮೇಲೆ ತೀರ್ಪು ಸುಲಭ ಅನ್ನಿಸುತ್ತದೆ, ಅಲ್ಲವೇ? ನಡುವೆ ನಿಂತವನು ಅಹಮದ್‌ನಗರದವನು, ತೋಪು ಅವನವು, ತೋಪಿನ ಅಧಿಕಾರಿ ಅವನವ, ಶತ್ರುವನ್ನು ಕೊಂದವನೂ ಅವನೇ. ಆತುರ ಬೇಡ. ಇದನ್ನು ನಮಗೆ ಹೇಳುತ್ತಿರುವವರು ಯಾರು ಎಂದು ಕೇಳೋಣ. ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಇದು ರೂಢಿ. ಒಂದೇ ಘಟನೆಯನ್ನು ಎರಡು ಕ್ಯಾಮೆರಾಗಳಿಂದ ಚಿತ್ರಿಸಿದರೆ, ಯಾವ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ತಿಳಿಯದೆ ನಾವು ಸಂಕಲನಕ್ಕೆ ಕೂರುವುದಿಲ್ಲ.

ಫೆರಿಷ್ತಾ ಮೊದಲು ಅಹಮದ್‌ನಗರದ ಸೇವೆಯಲ್ಲಿದ್ದು, 1589ರಲ್ಲಿ ಬಿಜಾಪುರಕ್ಕೆ ಬಂದವನು. ತನ್ನ ಇತಿಹಾಸವನ್ನು ಬರೆದದ್ದು ಇಮ್ಮಡಿ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ, ಕದನ ನಡೆದು ಸುಮಾರು ನಲವತ್ತು ವರ್ಷಗಳ ಮೇಲೆ. ಎರಡು ಮನೆಗಳ ಉಪ್ಪು ತಿಂದವನ ಬರಹದಲ್ಲಿ ಎರಡು ಮನೆಗಳ ಛಾಯೆಯೂ ಇದೆ. ರಣರಂಗದ ಧೈರ್ಯವನ್ನು ಅಹಮದ್‌ನಗರಕ್ಕೆ ಕೊಡುತ್ತಾನೆ; ಮೈತ್ರಿಕೂಟದ ಯೋಚನೆ ಮೊಳೆತದ್ದು ಮಾತ್ರ ಬಿಜಾಪುರದ ಅಲಿ ಆದಿಲ್ ಷಾನ ಮಂತ್ರಾಲೋಚನೆಯಲ್ಲಿ ಎನ್ನುತ್ತಾನೆ. ಅಹಮದ್‌ನಗರದಲ್ಲಿ ಬರೆದ 'ಬುರ್ಹಾನ್-ಎ-ಮಾಸಿರ್'ನಲ್ಲಿ ಹುಸೇನನೇ ಆದಿ ಅಂತ್ಯ. ಗೋಲ್ಕೊಂಡದ ದರ್ಬಾರಿ ಇತಿಹಾಸ ತನ್ನ ಸುಲ್ತಾನನನ್ನೇ ಮುಂದಿಟ್ಟುಕೊಂಡು ನಡೆಯುತ್ತದೆ. ಇನ್ನು ಹುಸೇನನ ಕೀರ್ತಿಗಾಗಿಯೇ ಆಫ್ತಾಬಿ ಎಂಬ ಕವಿ ರಚಿಸಿದ ಸಚಿತ್ರ ಕಾವ್ಯ 'ತಾರೀಫ್-ಎ-ಹುಸೇನ್ ಷಾಹಿ'ಯ ಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಈ ಯುದ್ಧವನ್ನು, ರಾಮರಾಯನ ಶಿರಚ್ಛೇದವನ್ನು ಅದರಲ್ಲಿ ಬಣ್ಣದಲ್ಲಿ ನೋಡಬಹುದು. ಯಾರಿಗೆ ಮುಖ್ಯ ಪಾತ್ರ ಎಂದು ನಾನು ಹೇಳಬೇಕಾಗಿಲ್ಲ.

ಹೊರಗಿನವರ ಮಾತೂ ಒಂದಿದೆ. ವೆನಿಸ್‌ನ ವ್ಯಾಪಾರಿ ಚೆಸಾರೆ ಫೆಡೆರಿಚಿ 1567ರಲ್ಲಿ ಹಾಳಾದ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ಅವನು ಕೇಳಿಸಿಕೊಂಡ ಪ್ರಕಾರ ಸೋಲಿಗೆ ಕಾರಣ ರಾಮರಾಯನ ಸೈನ್ಯದಲ್ಲೇ ಇದ್ದ ಇಬ್ಬರು ಮುಸಲ್ಮಾನ ಸೇನಾನಿಗಳು ಕಾಳಗದ ನಡುವೆ ಪಕ್ಷ ಬದಲಿಸಿದ್ದು. ಫೆರಿಷ್ತಾನಲ್ಲಿ ಈ ಮಾತಿಲ್ಲ. ಗೆದ್ದವರು ತಮ್ಮ ಗೆಲುವನ್ನು ಎದುರಾಳಿಯ ಮನೆಯ ದ್ರೋಹದ ಲೆಕ್ಕಕ್ಕೆ ಹಾಕಲು ಇಷ್ಟಪಡುವುದಿಲ್ಲ, ಸೋತವರಿಗೆ ಅದಕ್ಕಿಂತ ಸಮಾಧಾನದ ಕಾರಣ ಇನ್ನೊಂದಿಲ್ಲ. ಎರಡೂ ಸ್ವಭಾವವನ್ನು ನೆನಪಿಟ್ಟುಕೊಂಡೇ ಈ ಸಾಕ್ಷ್ಯವನ್ನು ತೂಗಬೇಕು.

ತೂಗುವುದೆಂದರೆ ಹೇಗೆ? ಸತ್ತವರ ಸಂಖ್ಯೆ ಹಿಡಿಯೋಣವೆಂದರೆ ಫೆರಿಷ್ತಾ ವಿಜಯನಗರದ ಕಡೆ ಲಕ್ಷ ಜನ ಸತ್ತರೆನ್ನುತ್ತಾನೆ. ಅದನ್ನು ಎಣಿಸಿದವರು ಯಾರೂ ಇಲ್ಲ. ಅಲ್ಲದೆ ಸಾವು ಕೊಡುಗೆಯ ಅಳತೆಗೋಲೇ ಅಲ್ಲ. ಕೆಟ್ಟ ಯೋಜನೆಯಿಂದಲೂ ಜನ ಸಾಯುತ್ತಾರೆ. ತೋಪಿನ ಗಾತ್ರ ಹಿಡಿಯೋಣವೆ? ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಈ ಕದನದಲ್ಲಿ ಗುಡುಗಿತೆಂದು ಪ್ರವಾಸಿಗರಿಗೆ ಹೇಳುವ ರೂಢಿ ಇದೆ. ಅದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ಅದು ಪರಾಂಡ ಕೋಟೆಯಿಂದ ಬಿಜಾಪುರಕ್ಕೆ ಬಂದದ್ದು 1632ರಲ್ಲಿ. ತೂಕ ಸುಮಾರು 55 ಟನ್. ಮೂರು ದಿನ ದಂಡೆಗುಂಟ ನಡೆದು ಸರಕ್ಕನೆ ಹಿಂದಿರುಗಿ ನದಿ ದಾಟಿದ ಸೈನ್ಯದ ಜೊತೆಗೆ ಇಂಥದೊಂದು ಗುಡ್ಡವೂ ನೀರು ದಾಟಿತೆಂದು ನಂಬಲು ನನಗೆ ಮನಸ್ಸು ಬಾರದು. ನೀವು ಒಮ್ಮೆ ಆ ತೋಪಿನ ಪಕ್ಕ ನಿಂತು ನೋಡಿ, ನಿಮಗೂ ಹಾಗೆಯೇ ಅನ್ನಿಸೀತು.

ತೋಪಿನ ಸಂಖ್ಯೆ, ಗಾತ್ರಗಳಿಗಿಂತ ಅವುಗಳನ್ನು ಬಳಸಲು ಕಲಿತದ್ದು ಮುಖ್ಯ. 1520ರ ರಾಯಚೂರು ಕದನದಲ್ಲಿ ಬಿಜಾಪುರದವರ ಬಳಿ ಬೇಕಾದಷ್ಟು ತೋಪುಗಳಿದ್ದವು. ಗೆದ್ದದ್ದು ಕೃಷ್ಣದೇವರಾಯ. ಇತಿಹಾಸಕಾರ ರಿಚರ್ಡ್ ಈಟನ್ ಇದರಿಂದ ಒಂದು ಸೊಗಸಾದ ತರ್ಕ ಹೂಡಿದ್ದಾರೆ: ಸೋತ ಬಿಜಾಪುರ ತನ್ನ ತೋಪುಗಾರಿಕೆಯನ್ನು ತಿದ್ದಿಕೊಂಡಿತು, ಗೆದ್ದ ವಿಜಯನಗರಕ್ಕೆ ಹೊಸದನ್ನು ಕಲಿಯುವ ಅಗತ್ಯವೇ ಕಾಣಲಿಲ್ಲ. ಹಾಗಾದರೆ 1565ರ ಗೆಲುವಿನಲ್ಲಿ 1520ರ ಸೋಲಿಗೂ ಒಂದು ಪಾಲು ಉಂಟು.

ಕೊಡುಗೆ ಅಳೆಯಲು ಇನ್ನೊಂದು ದಾರಿ ಇದೆ. ಒಬ್ಬರನ್ನು ತೆಗೆದುಹಾಕಿ ನೋಡುವುದು. ಪ್ರಯೋಗಾಲಯದಲ್ಲಿ ನಾವು ಮಾಡುವುದು ಇದನ್ನೇ; ಉಳಿದುದನ್ನೆಲ್ಲ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬಿಟ್ಟು ಫಲಿತಾಂಶ ಗಮನಿಸುತ್ತೇವೆ. ಇತಿಹಾಸದಲ್ಲಿ ಪ್ರಯೋಗ ಮಾಡಲಾಗದು, ಊಹಿಸಬಹುದು. ಬೀರಾರಿನ ಮಟ್ಟಿಗೆ ಊಹೆಯೂ ಬೇಡ: ಅದು ಬರಲಿಲ್ಲ, ಆದರೂ ಗೆಲುವು ಆಯಿತು. ಬೀದರನ್ನು ತೆಗೆದರೆ ಬಹುಶಃ ಹೆಚ್ಚೇನೂ ಬದಲಾಗದು. ಅಷ್ಟು ಹೊತ್ತಿಗೆ ಅದು ಕುಗ್ಗಿದ ರಾಜ್ಯ. ಗೋಲ್ಕೊಂಡವನ್ನು ತೆಗೆದರೆ? ರಣರಂಗದಲ್ಲಿ ಎಡ ರೆಕ್ಕೆ ಇನ್ನೂ ಬೇಗ ಮುರಿಯುತ್ತಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ ಮೈತ್ರಿಯೇ ಕೂಡುತ್ತಿತ್ತೋ ಇಲ್ಲವೋ. ಹುಸೇನನೂ ಅಲಿಯೂ ಕಲ್ಯಾಣ, ಸೊಲ್ಲಾಪುರ ಕೋಟೆಗಳಿಗಾಗಿ ಕಚ್ಚಾಡಿದವರು. ನಿಮ್ಮ ಪಕ್ಕದ ಬಸವಕಲ್ಯಾಣವೇ ಆ ಕಲ್ಯಾಣ. ಅವರಿಬ್ಬರ ನಡುವೆ ಓಡಾಡಿ ಸಂಧಾನ ಮಾಡಿದವನು ಇಬ್ರಾಹಿಂ ಕುತುಬ್ ಷಾನ ದೂತ ಮುಸ್ತಫಾ ಖಾನ್ ಅರ್ದಿಸ್ತಾನಿ. ಹುಸೇನನ ಮಗಳು ಚಾಂದ್ ಬೀಬಿ ಅಲಿಯ ಹೆಂಡತಿಯಾದಳು, ಸೊಲ್ಲಾಪುರ ಬಳುವಳಿಯಾಗಿ ಬಂತು. ಅಲಿಯ ತಂಗಿ ಹುಸೇನನ ಮಗ ಮುರ್ತಜಾನ ಕೈಹಿಡಿದಳು. ಸಂಧಾನಕಾರನ ಹೆಸರು ಯುದ್ಧದ ಚಿತ್ರಗಳಲ್ಲಿ ಬರುವುದಿಲ್ಲ. ರಾಸಾಯನಿಕ ಕ್ರಿಯೆಯಲ್ಲಿ ವೇಗವರ್ಧಕ ಕೊನೆಯ ಉತ್ಪನ್ನದಲ್ಲಿ ಕಾಣಿಸುವುದಿಲ್ಲವಲ್ಲ, ಹಾಗೆ.

ಅಹಮದ್‌ನಗರವನ್ನು ತೆಗೆದರೆ ನಡುವಿನ ಪಡೆಯೂ ಇಲ್ಲ, ರೂಮಿ ಖಾನನ ತೋಪೂ ಇಲ್ಲ, ಕದನ ಸೋತಂತೆಯೇ. ಬಿಜಾಪುರವನ್ನು ತೆಗೆದರೆ ಕದನವೇ ಇಲ್ಲ. ಅಹಮದ್‌ನಗರದ ಸೈನ್ಯ ಕೃಷ್ಣೆಗೆ ಬರಬೇಕಾದರೆ ಬಿಜಾಪುರದ ನೆಲದ ಮೇಲೇ ಬರಬೇಕು. ತಾಳಿಕೋಟೆಯೂ ಬಿಜಾಪುರದ್ದು, ಸುತ್ತಲಿನ ಮೇವೂ ಕಾಳೂ ಬಿಜಾಪುರದ್ದು. ನಿಮ್ಮ ಕಲಬುರಗಿಯೂ ಆಗ ಅದೇ ರಾಜ್ಯದಲ್ಲಿತ್ತು. ಇನ್ನೊಂದು ಸಣ್ಣ ಲೆಕ್ಕವಿದೆ. ಕೆಲವೇ ವರ್ಷಗಳ ಹಿಂದೆ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ ಕೂಟದಲ್ಲಿ ವಿಜಯನಗರ, ಬಿಜಾಪುರ, ಗೋಲ್ಕೊಂಡ ಮೂರೂ ಇದ್ದವು. ತಕ್ಕಡಿಯ ಒಂದು ತಟ್ಟೆಯಲ್ಲಿದ್ದ ಒಂದು ಸೇರಿನ ಕಲ್ಲನ್ನು ತೆಗೆದು ಇನ್ನೊಂದಕ್ಕೆ ಹಾಕಿದರೆ ಎರಡು ತಟ್ಟೆಗಳ ವ್ಯತ್ಯಾಸ ಬದಲಾಗುವುದು ಎರಡು ಸೇರು. ಹೊಸ ಮಿತ್ರನೊಬ್ಬ ಬಂದು ಸೇರುವುದಕ್ಕಿಂತ ಶತ್ರುವಿನ ಮಿತ್ರನೊಬ್ಬ ಮಗ್ಗುಲು ಬದಲಿಸುವುದು ಇಮ್ಮಡಿ ಬೆಲೆಯದು.

ಹಾಗಾದರೆ ಅಹಮದ್‌ನಗರವೂ ಬೇಕು, ಬಿಜಾಪುರವೂ ಬೇಕು. ಆಯತದ ಕ್ಷೇತ್ರಫಲಕ್ಕೆ ಉದ್ದ ಹೆಚ್ಚು ಕಾರಣವೋ ಅಗಲ ಹೆಚ್ಚು ಕಾರಣವೋ ಎಂದು ಯಾರಾದರೂ ಕೇಳಿದರೆ ನೀವು ನಗುತ್ತೀರಿ. ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ. ಕೂಡುವ ಲೆಕ್ಕದಲ್ಲಿ ಪಾಲು ಹಂಚಬಹುದು, ಗುಣಿಸುವ ಲೆಕ್ಕದಲ್ಲಿ ಹಂಚಲಾಗದು. ಮಹಾಯುದ್ಧದ ಚರ್ಚೆಯಲ್ಲಿ ರಷ್ಯದ ರಕ್ತ, ಅಮೆರಿಕದ ಲಾರಿ ಎಂದು ಕಿತ್ತಾಡುವವರು ಬಹುತೇಕ ಇಲ್ಲಿಯೇ ಎಡವುತ್ತಾರೆ. ಸೋವಿಯತ್ ಸೈನಿಕರನ್ನು ಹೊತ್ತು ಪಶ್ಚಿಮಕ್ಕೆ ಓಡಿದ ಲಾರಿಗಳಲ್ಲಿ ಬಹಳಷ್ಟು ಅಮೆರಿಕದವು. ಆ ಮುನ್ನಡೆಯನ್ನು ಯಾರ ಖಾತೆಗೆ ಬರೆಯುವುದು?

ಆದರೂ ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸಿ ಒಂದೇ ಹೆಸರು ಹೇಳಿ ಎಂದರೆ ನಾನು ನುಣುಚಿಕೊಳ್ಳುವುದಿಲ್ಲ. ಜನವರಿಯ ಆ ದಿನದ ಕಾಳಗ ಅಹಮದ್‌ನಗರದ್ದು. ಯುದ್ಧ ಬಿಜಾಪುರದ್ದು. ಎರಡರಲ್ಲಿ ಯುದ್ಧವೇ ದೊಡ್ಡದೆಂದು ನನ್ನ ಮತ ಬಿಜಾಪುರಕ್ಕೆ. ಸಂಧಾನವಿಲ್ಲದೆ ಬಿಜಾಪುರ ಮಗ್ಗುಲು ಬದಲಿಸುತ್ತಿತ್ತೇ ಎಂದು ನಿಮ್ಮಲ್ಲಿ ಯಾರಾದರೂ ಗೋಲ್ಕೊಂಡದ ಪರ ಎದ್ದು ನಿಂತರೆ ಆ ವಾದಕ್ಕೂ ಬಲ ಇದೆ, ಅಂಕ ಕೊಡುತ್ತೇನೆ.

ಲಾಭ ಯಾರಿಗೆ ಆಯಿತು ಎಂಬುದು ಬೇರೆ ಲೆಕ್ಕ. ರಾಯಚೂರು, ಮುದಗಲ್ ಬಿಜಾಪುರಕ್ಕೆ ಹಿಂದಿರುಗಿದವು. ಮುಂದೆ ಆದವಾನಿ, ಬಂಕಾಪುರಗಳೂ ಅದರ ಕೈಸೇರಿದವು. ಗೋಲ್ಕೊಂಡ ತನ್ನ ಹಳೆಯ ಗಡಿ ಪ್ರದೇಶಗಳನ್ನು ಪಡೆಯಿತು. ಕೇಂದ್ರದಲ್ಲಿ ನಿಂತು ಹೊಡೆದ ಅಹಮದ್‌ನಗರಕ್ಕೆ ವಿಜಯನಗರದ ಜೊತೆ ಗಡಿಯೇ ಇರಲಿಲ್ಲ; ಸುಲಿಗೆಯ ಪಾಲು ಬಿಟ್ಟು ನೆಲ ದಕ್ಕಲಿಲ್ಲ. ಹುಸೇನ್ ಅದೇ ವರ್ಷ ತೀರಿಕೊಂಡ. ಇದಕ್ಕೆ ಹೋಲಿಸಿದರೆ ಟಿಪ್ಪುವಿನ ವಿರುದ್ಧ 1790ರಿಂದ 1792ರವರೆಗೆ ಹೋರಾಡಿದ ಕೂಟದವರು ಬಲು ಲೆಕ್ಕಸ್ಥರು. ನಿಜಾಮನ ಸೈನ್ಯ ಕೊಪ್ಪಳದ ಕೋಟೆಯ ಕೆಳಗೆ, ಮರಾಠರ ಸೈನ್ಯ ಧಾರವಾಡದ ಕೋಟೆಯ ಮುಂದೆ ಆರು ಆರು ತಿಂಗಳು ಕಳೆದರೆ, ಶ್ರೀರಂಗಪಟ್ಟಣದ ಮುತ್ತಿಗೆಯ ಭಾರ ಹೊತ್ತದ್ದು ಇಂಗ್ಲಿಷರು. ಆದರೂ ಮೊದಲೇ ಆದ ಕರಾರಿನಂತೆ, ಟಿಪ್ಪು ಬಿಟ್ಟುಕೊಟ್ಟ ಅರ್ಧ ರಾಜ್ಯವನ್ನು ಮೂವರೂ ಸಮನಾಗಿ ಹಂಚಿಕೊಂಡರು. ಕೊಡುಗೆ ಅಳೆಯುವ ಜಗಳವೇ ಬೇಡವೆಂದು!

ರಕ್ಕಸತಂಗಡಿಯನ್ನು ಕೇವಲ ಎರಡು ಧರ್ಮಗಳ ಕಾಳಗವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದನ್ನು ನೀವು ಕೇಳಿರಬಹುದು. ಧರ್ಮದ ಮಾತು ಆ ಕಾಲದ ಬರಹಗಳಲ್ಲಿ ಧಾರಾಳವಾಗಿದೆ, ಇಲ್ಲವೆನ್ನಲಾಗದು. ಆದರೆ ಪಾತ್ರಗಳನ್ನು ನೋಡಿ. ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ಏಳು ವರ್ಷ ಆಶ್ರಯ ಪಡೆದದ್ದು ರಾಮರಾಯನ ವಿಜಯನಗರದಲ್ಲಿ. ಅಲಿ ಆದಿಲ್ ಷಾ, ರಾಮರಾಯನ ಮಗ ತೀರಿಕೊಂಡಾಗ ದುಃಖ ಹಂಚಿಕೊಳ್ಳಲು ಸ್ವತಃ ಅವನ ಮನೆಗೆ ಹೋಗಿ ಬಂದವನು. ರಾಮರಾಯನನ್ನು ಕೊಲ್ಲಲು ಹುಸೇನ್ ಆತುರಪಟ್ಟದ್ದೇ ಅಲಿ ಬಂದು ತಡೆದಾನೆಂಬ ಭಯದಿಂದ ಎಂಬ ಕಥನವೂ ಬಿಜಾಪುರದ ಕಡೆ ಇತ್ತು. ಎಷ್ಟು ನಿಜವೋ, ಆ ಕಥೆ ಹುಟ್ಟಿಕೊಂಡದ್ದಂತೂ ಗಮನಿಸಬೇಕಾದ ಸಂಗತಿ.

ಮುಂದಿನದು ಇನ್ನೂ ಸ್ವಾರಸ್ಯ. ಕದನವಾಗಿ ಎರಡು ಮೂರು ವರ್ಷ ಕಳೆಯುವುದರೊಳಗೆ ಬಿಜಾಪುರದ ಸೈನ್ಯ ಮತ್ತೆ ದಕ್ಷಿಣಕ್ಕೆ ಹೊರಟಿತು. ಪೆನುಕೊಂಡೆಗೆ ಹೋಗಿ ನೆಲೆಸಿದ್ದ ರಾಮರಾಯನ ತಮ್ಮ ತಿರುಮಲ ಸಹಾಯ ಬೇಡಿ ಓಲೆ ಕಳಿಸಿದ್ದು ಅಹಮದ್‌ನಗರಕ್ಕೆ. ಅಲ್ಲಿ ಆಗ ಮಗನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದವಳು ಹುಸೇನನ ವಿಧವೆ ಖುಂಜಾ ಹುಮಾಯೂನ್. ಅವಳು ಬಿಜಾಪುರದ ಮೇಲೆ ದಂಡು ಕಳಿಸಿದಳು. ಅಲಿ ಆದಿಲ್ ಷಾ ದಕ್ಷಿಣದ ಯೋಚನೆ ಬಿಟ್ಟು ತನ್ನ ರಾಜಧಾನಿಯನ್ನು ಉಳಿಸಿಕೊಳ್ಳಲು ಹಿಂದಿರುಗಬೇಕಾಯಿತು.